ಸಿಂಪಡಣೆ ಯಂತ್ರದ ವಿಭಾಗ ಕವಾಟ

ವಿಭಾಗ ಕವಾಟವು ಟ್ರ್ಯಾಕ್ಟರ್‌ಚಾಲಿತ ಸಿಂಪಡಣೆ ಯಂತ್ರದಲ್ಲಿ ಔಷಧ ದ್ರಾವಣದ ಹರಿವನ್ನು ಭಾಗಭಾಗವಾಗಿ ಬಿಡುವ ಮತ್ತು ತಡೆಯುವ ಸಾಧನವಾಗಿದೆ. ಬಳಕೆಯಲ್ಲಿ ಇದು ಸೆಕ್ಷನ್ ವಾಲ್ವ್ ಎಂದೇ ಪರಿಚಿತ. ಯಂತ್ರದ ಅಡ್ಡತೋಳಾದ ಬೂಮನ್ನು ಕೆಲವು ವಿಭಾಗಗಳಾಗಿ ವಿಂಗಡಿಸಿ, ಪ್ರತಿ ವಿಭಾಗದ ನಾಜಲ್‌ಗಳಿಗೆ ಒಂದೊಂದು ಕವಾಟವನ್ನು ಅಳವಡಿಸಲಾಗುತ್ತದೆ. ಕವಾಟ ತೆರೆಯದಿದ್ದರೆ ಬೆಳೆಯ ಒಂದು ಪಟ್ಟಿ ರೋಗ ಮತ್ತು ಕೀಟಗಳಿಗೆ ತುತ್ತಾಗುತ್ತದೆ. ಮುಚ್ಚದಿದ್ದರೆ ನೆರೆಯ ಬೆಳೆ ಅಥವಾ ಕಾಲುವೆಯ ಮೇಲೆ ವಿಷ ಬೀಳುತ್ತದೆ.

ಕಾರ್ಯವಿಧಾನ

ಪಂಪಿನಿಂದ ಬಂದ ದ್ರಾವಣವು ಶೋಧಕ ಮತ್ತು ಒತ್ತಡ ನಿಯಂತ್ರಕಗಳನ್ನು ಹಾದು ಕವಾಟಗಳನ್ನು ತಲುಪುತ್ತದೆ. ಕವಾಟಗಳನ್ನು ಕೈಹಿಡಿಯಿಂದ ಅಥವಾ 12 ವೋಲ್ಟ್ ವಿದ್ಯುತ್ತಿನಿಂದ ಚಲಾಯಿಸಲಾಗುತ್ತದೆ. ಒಂದು ವಿಭಾಗ ಮುಚ್ಚಿದಾಗ ಅದರ ಪಾಲಿನ ದ್ರಾವಣವು ತೊಟ್ಟಿಗೆ ಮರಳಬೇಕು. ಈ ಮರುಹರಿವನ್ನು ಸರಿಯಾಗಿ ಹೊಂದಿಸದಿದ್ದರೆ ಉಳಿದ ವಿಭಾಗಗಳಲ್ಲಿ ಒತ್ತಡ ಏರಿ, ಅಲ್ಲಿನ ಬೆಳೆಗೆ ಹೆಚ್ಚು ಔಷಧ ಬೀಳುತ್ತದೆ. ಹಣ್ಣಿನ ತೋಟಗಳ ಗಾಳಿಚಾಲಿತ ಸಿಂಪಡಣೆ ಯಂತ್ರಗಳಲ್ಲಿ ಎಡಬಲಗಳಿಗೆ ಪ್ರತ್ಯೇಕ ಕವಾಟಗಳಿದ್ದು, ತೋಟದ ಕೊನೆಯ ಸಾಲಿನಲ್ಲಿ ಹೊರಬದಿಯದನ್ನು ಮುಚ್ಚಲಾಗುತ್ತದೆ.

ನಿಗಾ

ಕವಾಟಗಳ ಪರೀಕ್ಷೆಯನ್ನು ಶುದ್ಧ ನೀರಿನಿಂದ ನಡೆಸಬೇಕು. ಎಲ್ಲ ವಿಭಾಗಗಳನ್ನು ತೆರೆದು ಒತ್ತಡಮಾಪಕವನ್ನು ಗಮನಿಸಿ, ಬಳಿಕ ಒಂದೊಂದನ್ನೇ ಮುಚ್ಚಲಾಗುತ್ತದೆ. ಪ್ರತಿ ಬಾರಿಯೂ ಮಾಪಕದ ಮುಳ್ಳು ಬಹುಮಟ್ಟಿಗೆ ಅದೇ ಸ್ಥಾನದಲ್ಲಿ ನಿಂತರೆ ಮರುಹರಿವು ಸರಿಯಿದೆ ಎಂದರ್ಥ.

ಒತ್ತಡಮಾಪಕವೊಂದನ್ನೇ ನಂಬುವಂತಿಲ್ಲ, ಹರಿವನ್ನೂ ಅಳೆಯಬೇಕು. ಪ್ರತಿ ಹೆಕ್ಟೇರಿಗೆ ಬೇಕಾದ ಲೀಟರ್, ಗಂಟೆಗೆ ಕಿಲೋಮೀಟರ್‌ಗಳಲ್ಲಿ ವೇಗ, ಮೀಟರ್‌ಗಳಲ್ಲಿ ನಾಜಲ್‌ಗಳ ಅಂತರ ಈ ಮೂರನ್ನು ಗುಣಿಸಿ 600ರಿಂದ ಭಾಗಿಸಿದರೆ ಒಂದು ನಾಜಲ್ ನಿಮಿಷಕ್ಕೆ ಹರಿಸಬೇಕಾದ ಲೀಟರ್ ದೊರೆಯುತ್ತದೆ. ಹೆಕ್ಟೇರಿಗೆ 200 ಲೀಟರ್, ವೇಗ 6 ಕಿ.ಮೀ., ಅಂತರ 0.5 ಮೀಟರ್ ಆಗಿದ್ದರೆ ಹರಿವು ನಿಮಿಷಕ್ಕೆ 1 ಲೀಟರ್. ಅಳತೆಪಾತ್ರೆಯಲ್ಲಿ ಒಂದು ನಿಮಿಷ ಹಿಡಿದ ನೀರನ್ನು ಇದರೊಡನೆ ಹೋಲಿಸಬೇಕು.

ದೋಷಪತ್ತೆ

ವಿಭಾಗ ಮುಚ್ಚಿದ ಮೇಲೂ ಒಂದೇ ನಾಜಲ್ ತೊಟ್ಟಿಕ್ಕುತ್ತಿದ್ದರೆ ದೋಷವು ಸಾಮಾನ್ಯವಾಗಿ ಅದರ ಸೋರಿಕೆ ತಡೆಯುವ ರಬ್ಬರ್ ಪೊರೆಯಲ್ಲಿರುತ್ತದೆ. ವಿಭಾಗದ ಎಲ್ಲ ನಾಜಲ್‌ಗಳೂ ಹರಿಯುತ್ತಿದ್ದರೆ ಕವಾಟ ಪೂರ್ಣವಾಗಿ ಮುಚ್ಚಿಲ್ಲ. ವಾಷರ್ ಸವೆದಿರಬಹುದು ಅಥವಾ ಕಸ ಸಿಲುಕಿರಬಹುದು. ಕರಗದೆ ಉಳಿದ ಗಂಧಕ ಮತ್ತು ತಾಮ್ರದ ಪುಡಿಗಳು ಕವಾಟದೊಳಗೆ ಗಟ್ಟಿಕಟ್ಟುತ್ತವೆ.

ವಿದ್ಯುತ್ ಕವಾಟ ಚಲಿಸದಿದ್ದಾಗ ಮೊದಲು ಫ್ಯೂಸ್ ಮತ್ತು ಅರ್ತ್ ತಂತಿಯನ್ನು ನೋಡಬೇಕು. ಅನಂತರ ಸರಿಯಿರುವ ಪಕ್ಕದ ಕವಾಟದ ತಂತಿಜೋಡಣೆಯನ್ನು ಇದಕ್ಕೆ ಜೋಡಿಸಬೇಕು. ಆಗ ಚಲಿಸಿದರೆ ದೋಷ ತಂತಿ ಅಥವಾ ಸ್ವಿಚ್ಚಿನದು, ಚಲಿಸದಿದ್ದರೆ ಕವಾಟದ್ದು.

ಉಳಿಕೆ ದ್ರಾವಣ

ಮುಚ್ಚಿದ ಕವಾಟದಾಚೆಯ ಕೊಳವೆಯಲ್ಲಿ ದ್ರಾವಣ ಉಳಿದುಕೊಳ್ಳುತ್ತದೆ. ತೊಟ್ಟಿಯನ್ನಷ್ಟೇ ತೊಳೆದರೆ ಅದು ಹೊರಬರುವುದಿಲ್ಲ. ಜೋಳ, ಕಬ್ಬುಗಳಲ್ಲಿ ಬಳಸುವ 2,4-ಡಿ ಕಳೆನಾಶಕಕ್ಕೆ ಹತ್ತಿ ಮತ್ತು ದ್ರಾಕ್ಷಿ ಅತಿ ಸೂಕ್ಷ್ಮ. ಅದರ ಅಲ್ಪ ಉಳಿಕೆಯೂ ಎಲೆಗಳನ್ನು ವಿಕಾರಗೊಳಿಸುತ್ತದೆ. ಕರ್ನಾಟಕದ ಕೃಷಿ ಯಂತ್ರಧಾರೆ ಕೇಂದ್ರಗಳ ಮೂಲಕ ಕೃಷಿಯಂತ್ರಗಳು ಬಾಡಿಗೆಗೆ ದೊರೆಯುತ್ತವೆ. ಇಂತಹ ಏರ್ಪಾಡಿನಲ್ಲಿ ಒಂದೇ ಸಿಂಪಡಣೆ ಯಂತ್ರ ಹಲವು ಬೆಳೆಗಳ ಹೊಲಗಳಿಗೆ ಹೋಗುವುದರಿಂದ, ಒಬ್ಬರ ಹೊಲದ ಉಳಿಕೆ ಇನ್ನೊಬ್ಬರ ಬೆಳೆಯನ್ನು ಕೆಡಿಸಬಲ್ಲದು. ಆದ್ದರಿಂದ ಯಂತ್ರವನ್ನು ಹಿಂದಿರುಗಿಸುವ ಮುನ್ನ ಪ್ರತಿ ವಿಭಾಗವನ್ನೂ ತೆರೆದು, ನಾಜಲ್‌ಗಳ ಮೂಲಕ ಶುದ್ಧ ನೀರು ಹಾಯಿಸುವುದು ಅಗತ್ಯ. ತೊಳೆದ ನೀರು ಬಾವಿ, ಕೆರೆಗಳಿಗೆ ಸೇರಬಾರದು.

ಸುರಕ್ಷತೆ

ಕವಾಟವನ್ನು ಬಿಚ್ಚುವ ಮುನ್ನ ಪಂಪನ್ನು ನಿಲ್ಲಿಸಿ ಕೊಳವೆಯ ಒತ್ತಡವನ್ನು ಇಳಿಸಬೇಕು. ಕೈಗವಸು ಮತ್ತು ಕನ್ನಡಕ ಧರಿಸಬೇಕು. ಕಟ್ಟಿಕೊಂಡ ನಾಜಲನ್ನು ಬಾಯಿಯಿಂದ ಊದಬಾರದು. ಭಾರತದ 1971ರ ಕೀಟನಾಶಕ ನಿಯಮಗಳು ಕೀಟನಾಶಕ ಸಿಂಪಡಿಸುವವರಿಗೆ ತಕ್ಕ ರಕ್ಷಣಾ ಉಡುಪು ಇರಬೇಕೆಂದು ವಿಧಿಸಿವೆ.