ಪೆಡಲ್ ತುಳಿದರೆ ಕಟ್ ಕಟ್ ಸದ್ದು? ಬಿಬಿ ನೋಡಿ

ಪೆಡಲ್ ತುಳಿದಾಗಲೆಲ್ಲ ಕಟ್ ಕಟ್ ಅಂತಿದೆಯಾ? ಮೊದಲು ಬಿಬಿ, ಅಂದ್ರೆ ಬಾಟಮ್ ಬ್ರ್ಯಾಕೆಟ್ ನೋಡಿ.

ಸೈಕಲ್‌ಗೆ ಸ್ಟ್ಯಾಂಡ್ ಹಾಕಿ. ಕ್ರ್ಯಾಂಕ್ ಹಿಡಿದು ಫ್ರೇಮ್ ಕಡೆಗೆ ಒತ್ತಿ, ಹೊರಗೆ ಎಳೀರಿ. ಒಂದು ಕಡೆ ಮಾತ್ರ ಅಲುಗಾಡಿದ್ರೆ ಅದರ ಕಾಟರ್ ಪಿನ್ ಅಥವಾ ಬೋಲ್ಟ್ ಸಡಿಲ. ಎರಡೂ ಕ್ರ್ಯಾಂಕ್ ಒಟ್ಟಿಗೆ ಅಲುಗಾಡಿದ್ರೆ ಬಿಬಿಯೇ ಸಡಿಲ.

ನಮ್ಮ ಹಳೇ ಕರಿ ಸೈಕಲ್‌ಗಳಲ್ಲಿ ಬಿಬಿ ಆಕ್ಸಲ್ಲಿನ ಎರಡೂ ತುದಿಗೆ ಕಪ್, ಅದರೊಳಗೆ 1/4 ಇಂಚಿನ ಬಾಲ್ಸ್. ಚೈನ್ ಕಡೆಯ ಕಪ್ ಮುಟ್ಟಬೇಡಿ, ಅದರ ಥ್ರೆಡ್ ಉಲ್ಟಾ. ಎಡಗಡೆಯ ಲಾಕ್ ರಿಂಗ್ ಸಡಿಲಿಸಿ, ಕಪ್ಪನ್ನ ನಿಧಾನವಾಗಿ ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಿಸಿ. ಅಲುಗಾಟ ನಿಂತ ಕೂಡಲೇ ನಿಲ್ಲಿಸಿ. ಕಪ್ ತಿರುಗದ ಹಾಗೆ ಹಿಡಿದುಕೊಂಡೇ ಲಾಕ್ ರಿಂಗ್ ಬಿಗಿ ಮಾಡಿ.

ಈಗ ಚೈನ್ ಬಿಡಿಸಿ ಕ್ರ್ಯಾಂಕ್ ತಿರುಗಿಸಿ. ಸಲೀಸಾಗಿ ತಿರುಗಬೇಕು. ಬಿಗಿ ಅನಿಸಿದ್ರೆ ಎಡಗಡೆಯ ಕಪ್ಪನ್ನ ಕೂದಲೆಳೆಯಷ್ಟು ಸಡಿಲಿಸಿ. ಗರಗರ ಅಂದ್ರೆ ಪೂರ್ತಿ ಬಿಚ್ಚಿ, ಸೀಮೆಎಣ್ಣೆಯಲ್ಲಿ ತೊಳೆದು, ಹೊಸ ಬಾಲ್ಸ್, ಹೊಸ ಗ್ರೀಸ್ ಹಾಕಿ.

ಗೇರ್ ಸೈಕಲ್ಲಿನ ಸೀಲ್ಡ್ ಬಿಬಿ ಒಳಗೇ ಸವೆದಿದ್ರೆ ರಿಪೇರಿ ಇಲ್ಲ, ಇಡೀ ಯೂನಿಟ್ ಬದಲಿಸಿ.

ಸಡಿಲ ಬಿಬಿಯಲ್ಲೇ ಓಡಿಸ್ತಾ ಹೋದ್ರೆ ಕಪ್ಪು, ಆಕ್ಸಲ್ಲು ಎರಡೂ ಹಾಳು. ಇವತ್ತೇ ನಿಮ್ಮ ಕ್ರ್ಯಾಂಕ್ ಅಲುಗಾಡಿಸಿ ನೋಡಿ.