ಚಪ್ಪಲಿ ಬಂದಿವೆ, ಮಗ ಬಂದಿಲ್ಲ

ಕಾಲೇಜಿನ ನಾಲ್ಕು ಜನ ಗೆಳೆಯರು ಸೇರಿ ಒಂದು ಥ್ರಿಲ್ಲರ್ ಚಿತ್ರ ಮಾಡೋಣವೆಂದು ನಿರ್ಧರಿಸಿದರೆಂದರೆ ಮೊದಲು ಹುಡುಕುವುದು ಒಂದು ಆಟಿಕೆ ಪಿಸ್ತೂಲು, ಒಂದು ಕರಿ ಕೋಟು ಮತ್ತು ಒಂದು ಬಾಟಲಿ ಟೊಮೆಟೊ ಸಾಸು. ಕ್ಯಾಮೆರಾದ ಚಿಂತೆ ಈಗ ಯಾರಿಗೂ ಇಲ್ಲ. ಅದು ಎಲ್ಲರ ಜೇಬಿನಲ್ಲಿಯೇ ಇದೆ. ಕಥೆಯ ಚಿಂತೆಯನ್ನು ಯಾರೂ ಹಚ್ಚಿಕೊಳ್ಳುವುದಿಲ್ಲ. ಚಿಂತೆ ಶುರುವಾಗುವುದು ಮನೆಯಲ್ಲಿ. ದ್ವಿತೀಯ ಪಿಯುಸಿ ಪರೀಕ್ಷೆ ಹತ್ತಿರ ಬಂತು, ಇದೆಂಥ ಹುಚ್ಚು? ರಾತ್ರಿ ಹೊತ್ತು ಎಲ್ಲಿ ಶೂಟಿಂಗು? ಯಾರ ಮನೆಯ ಹುಡುಗಿ ಇದರಲ್ಲಿ ಪಾರ್ಟು ಮಾಡುತ್ತಾಳೆ? ಪಠ್ಯಪುಸ್ತಕದ ನಡುವೆ ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿಗಳನ್ನು ಬಚ್ಚಿಟ್ಟುಕೊಂಡು ಓದಿದ ತಂದೆತಾಯಂದಿರೇ ಈ ಪ್ರಶ್ನೆಗಳನ್ನು ಕೇಳುತ್ತಾರೆ ಎಂಬುದು ಬೇರೆ ಮಾತು.

ಜಗಳವಾಡುವ ಬದಲು ಇಬ್ಬರೂ ಒಂದು ಒಪ್ಪಂದಕ್ಕೆ ಬರಬಹುದು. ಇಡೀ ಸಿನಿಮಾ ಬೇಡ. ಅದರ ಮೊದಲ ಎರಡು ನಿಮಿಷ ಮಾತ್ರ ಸಾಕು. ಮುಂದೇನಾಗುತ್ತದೆಂದು ತೋರಿಸುವ ಹೊಣೆ ಇಲ್ಲ. ನೋಡಿದವರಿಗೆ ಮುಂದಿನದನ್ನು ನೋಡಲೇಬೇಕು ಅನ್ನಿಸಿದರೆ ಗೆದ್ದಂತೆ.

ಈ ಉಪಾಯ ಹೊಸದೇನಲ್ಲ. ನಮ್ಮ ಪಿಯುಸಿ ವಯಸ್ಸಿನ ಮಕ್ಕಳು ಬ್ರಿಟನ್ನಿನಲ್ಲಿ ಓದುವ 'ಎ ಲೆವೆಲ್' ಹಂತದಲ್ಲಿ ಮಾಧ್ಯಮ ಅಧ್ಯಯನವೂ ಒಂದು ವಿಷಯ. ಅಲ್ಲಿಯ ಓಸಿಆರ್ ಎಂಬ ಪರೀಕ್ಷಾ ಮಂಡಳಿ 2008ರಲ್ಲಿ ಜಾರಿಗೆ ತಂದ ಪಠ್ಯಕ್ರಮದಲ್ಲಿ ಇದನ್ನೇ ಅಂಕ ಕೊಡುವ ಕೆಲಸವಾಗಿ ಇಟ್ಟಿತ್ತು. ಹೊಸದೊಂದು ಕಥಾಚಿತ್ರದ ಶೀರ್ಷಿಕೆ ಮತ್ತು ಆರಂಭ; ಹೆಚ್ಚೆಂದರೆ ಎರಡು ನಿಮಿಷ. ಅದಕ್ಕೂ ಮುಂಚೆ ಮಕ್ಕಳು ಒಂದು ಚಿಕ್ಕ ಕಸರತ್ತನ್ನು ಮುಗಿಸಬೇಕಿತ್ತು: ಒಬ್ಬ ವ್ಯಕ್ತಿ ಬಾಗಿಲು ತೆರೆದು, ಕೋಣೆ ದಾಟಿ, ಇನ್ನೊಬ್ಬರ ಎದುರಿನ ಕುರ್ಚಿಯಲ್ಲಿ ಕುಳಿತು ಎರಡು ಮಾತಾಡಬೇಕು. ಅಷ್ಟೇ. ಆ ಪಠ್ಯಕ್ರಮ ಈಗ ಹೋಗಿ ಬೇರೆಯದು ಬಂದಿದೆ. ಆದರೆ ಬಾಗಿಲಿನ ಕಸರತ್ತು ಇಂದಿಗೂ ಉಪಯೋಗದ್ದೇ.

ಇಷ್ಟು ಸುಲಭವೇ ಎಂದು ನಗುವವರು ಒಮ್ಮೆ ಮಾಡಿ ನೋಡಲಿ. ಹೊರಗಿನಿಂದ ತೆಗೆದ ಶಾಟಿನಲ್ಲಿ ಬಲಗೈ ಚಿಲಕದ ಮೇಲಿದ್ದರೆ, ಒಳಗಿನಿಂದ ತೆಗೆದದ್ದರಲ್ಲಿ ಎಡಗೈ ಇರುತ್ತದೆ! ಕುಳಿತ ಇಬ್ಬರ ನಡುವೆ ನೆಲದ ಮೇಲೆ ಒಂದು ಗೆರೆ ಇದೆ ಎಂದುಕೊಳ್ಳಿ. ಕ್ಯಾಮೆರಾ ಆ ಗೆರೆಯ ಒಂದೇ ಬದಿಗೆ ಇರಬೇಕು. ಗೆರೆ ದಾಟಿ ಆಚೆಯಿಂದ ಒಂದು ಶಾಟ್ ತೆಗೆದಿರೋ, ಎದುರುಬದುರು ಕುಳಿತವರು ಪರದೆಯ ಮೇಲೆ ಇಬ್ಬರೂ ಒಂದೇ ದಿಕ್ಕಿಗೆ ನೋಡುತ್ತ ಮೂರನೆಯವರೊಡನೆ ಮಾತಾಡುವಂತೆ ಕಾಣುತ್ತಾರೆ. ಥ್ರಿಲ್ಲರಿಗೆ ಇದು ಪ್ರಾಣದ ಪ್ರಶ್ನೆ. ಯಾರು ಎಲ್ಲಿದ್ದಾರೆ, ಬಾಗಿಲು ಯಾವ ಕಡೆಗಿದೆ ಎಂಬುದೇ ಗೊತ್ತಾಗದಿದ್ದರೆ ನೋಡುವವನಿಗೆ ಗೊಂದಲವಾಗುತ್ತದೆಯೇ ಹೊರತು ಭಯವಾಗುವುದಿಲ್ಲ.

ರಕ್ತವಿಲ್ಲದ ಭಯ

1931ರಲ್ಲಿ ಜರ್ಮನಿಯ ಫ್ರಿಟ್ಸ್ ಲಾಂಗ್ 'ಎಂ' ಎಂಬ ಚಿತ್ರ ಮಾಡಿದ. ಬರ್ಲಿನ್ ನಗರದಲ್ಲಿ ಮಕ್ಕಳನ್ನು ಕೊಲ್ಲುವವನೊಬ್ಬನ ಕಥೆ ಅದು. ವಠಾರದ ಅಂಗಳದಲ್ಲಿ ಮಕ್ಕಳು ಆ ಕೊಲೆಗಾರನ ಮೇಲೆಯೇ ಪದ ಕಟ್ಟಿ ಆಡುತ್ತಿರುತ್ತವೆ. ಮೇಲೆ ಮನೆಯಲ್ಲಿ ತಾಯಿಯೊಬ್ಬಳು ಶಾಲೆಯಿಂದ ಬರಬೇಕಾದ ಮಗಳಿಗಾಗಿ ಊಟದ ತಟ್ಟೆ ಇಡುತ್ತಾಳೆ. ಅತ್ತ ಬೀದಿಯಲ್ಲಿ ಮಗಳು ಚೆಂಡು ಪುಟಿಸುತ್ತ ಒಂದು ಭಿತ್ತಿಪತ್ರದ ಎದುರು ನಿಂತಾಗ ಅದರ ಮೇಲೆ ಗಂಡಸಿನ ನೆರಳು ಬೀಳುತ್ತದೆ. ಅವನು ಅವಳಿಗೊಂದು ಬಲೂನು ಕೊಡಿಸುತ್ತಾನೆ. ತಾಯಿ ಗಡಿಯಾರ ನೋಡುತ್ತಾಳೆ, ಮೆಟ್ಟಿಲ ಬಳಿ ನಿಂತು ಮಗಳ ಹೆಸರು ಕೂಗುತ್ತಾಳೆ. ಖಾಲಿ ಮೆಟ್ಟಿಲು. ಖಾಲಿ ಅಟ್ಟ. ಖಾಲಿ ತಟ್ಟೆ. ಪೊದೆಯಿಂದ ಚೆಂಡು ಉರುಳಿ ಬಂದು ನಿಲ್ಲುತ್ತದೆ; ಬಲೂನು ತಂತಿಗೆ ಸಿಕ್ಕಿ ತೊಯ್ದಾಡುತ್ತದೆ. ಕೊಲೆಯನ್ನು ತೋರಿಸಿಯೇ ಇಲ್ಲ. ಇನ್ನು ಕೆಲವೇ ವರ್ಷಗಳಲ್ಲಿ ನೂರು ತುಂಬುವ ಈ ದೃಶ್ಯ ಇಂದಿಗೂ ನೋಡುವವರ ಹೊಟ್ಟೆಯಲ್ಲಿ ತಣ್ಣೀರು ಸುರಿಯುತ್ತದೆ.

ಇದನ್ನು ಮಾಡಲು ಏನು ಖರ್ಚು ಬಂದೀತು? ಒಂದು ತಟ್ಟೆ, ಒಂದು ಚೆಂಡು, ಒಂದು ಬಲೂನು.

ಆಲ್ಫ್ರೆಡ್ ಹಿಚ್‌ಕಾಕ್ ಫ್ರೆಂಚ್ ನಿರ್ದೇಶಕ ತ್ರುಫೋನೊಡನೆ ಮಾತಾಡುತ್ತ ಇದರ ಗುಟ್ಟನ್ನು ವಿವರಿಸಿದ್ದುಂಟು. ಮೇಜಿನ ಕೆಳಗೆ ಬಾಂಬಿದೆ, ಯಾರಿಗೂ ಗೊತ್ತಿಲ್ಲ, ಸಿಡಿಯಿತು. ನೋಡುವವನಿಗೆ ಹದಿನೈದು ಸೆಕೆಂಡಿನ ಆಶ್ಚರ್ಯ. ಅದೇ ಬಾಂಬಿನ ಸಂಗತಿ ನೋಡುವವನಿಗೆ ಮೊದಲೇ ಗೊತ್ತಿದ್ದು, ಮೇಜಿನ ಸುತ್ತ ಕುಳಿತವರಿಗೆ ಗೊತ್ತಿಲ್ಲದಿದ್ದರೆ ಹದಿನೈದು ನಿಮಿಷದ ತಳಮಳ. ಎಂದ ಮೇಲೆ ಚಿತ್ರಕಥೆ ಬರೆಯುವ ಮುನ್ನ ಗೆಳೆಯರು ಕೇಳಿಕೊಳ್ಳಬೇಕಾದದ್ದು ಇಷ್ಟು: ಪಾತ್ರಕ್ಕೆ ಗೊತ್ತಿಲ್ಲದ ಯಾವ ಒಂದು ಸಂಗತಿ ಪ್ರೇಕ್ಷಕನಿಗೆ ಗೊತ್ತಾಗಬೇಕು?

ಧಾರವಾಡದ ಒಂದು ಹಂಚಿನ ಮನೆಯಲ್ಲಿ ಇದನ್ನು ಕೂರಿಸಿ ನೋಡೋಣ. ಶ್ರಾವಣದ ಮುಚ್ಚಂಜೆ, ಹೊರಗೆ ಜಿಟಿಜಿಟಿ ಮಳೆ. ತಾಯಿ ತಾಟಿನಲ್ಲಿ ರೊಟ್ಟಿ, ಬದನೆಕಾಯಿ ಪಲ್ಯ ಇಟ್ಟು ಮೇಲೊಂದು ತಾಟು ಮುಚ್ಚುತ್ತಾಳೆ. ಮಗನಿಗೆ ಫೋನು. "ಎಲ್ಲಿದ್ದಿಯೋ?" "ಚಿಗರಿ ಒಳಗ ಅದೀನವ್ವಾ, ಈಗರ ನವಲೂರ ದಾಟೇತಿ." "ಲಗೂನ ಬಾ, ರೊಟ್ಟಿ ಆರಾಕತ್ತಾವ." ಅವಳು ಫೋನು ಇಡುತ್ತಾಳೆ. ಕ್ಯಾಮೆರಾ ನಿಧಾನವಾಗಿ ಹೊಸ್ತಿಲ ಕಡೆ ಹೋಗುತ್ತದೆ. ಅಲ್ಲಿ ಮಗನ ಚಪ್ಪಲಿ ಬಿಟ್ಟಿವೆ. ಒದ್ದೆಯಾಗಿವೆ. ಒಳಗೆ ಹೋದ ಹೆಜ್ಜೆಯ ಹಸಿ ಗುರುತು ನಡುಮನೆಯವರೆಗೆ ಇದೆ. ತಾಯಿ ಬೆನ್ನು ಮಾಡಿ ನಿಂತಿದ್ದಾಳೆ.

ಚಿತ್ರದ ಹೆಸರು ಬರಲಿ. ಮುಗಿಯಿತು.

ಇಲ್ಲಿ ಪಿಸ್ತೂಲು ಬೇಕಾಗಲಿಲ್ಲ. ಬಸ್ಸಿನೊಳಗೆ ಶೂಟಿಂಗು ಮಾಡುವ ಪ್ರಮೇಯವೇ ಬರಲಿಲ್ಲ. ಬಾಗಿಲ ಹೊರಗೆ ಚಪ್ಪಲಿ ಬಿಡುವ ನಮ್ಮ ಮನೆಗಳ ರೂಢಿಯೊಂದೇ ಸಾಕಾಯಿತು. ಪವನ್ ಕುಮಾರ್ ಅವರ 'ಯೂ ಟರ್ನ್' (2016) ಹುಟ್ಟಿದ್ದು ಇಂಥ ಒಂದು ಗಮನಿಕೆಯಿಂದಲೇ: ಬೆಂಗಳೂರಿನ ಮೇಲ್ಸೇತುವೆಯ ಮೇಲೆ ರಸ್ತೆ ವಿಭಜಕದ ಕಲ್ಲು ಸರಿಸಿ ಅಡ್ಡ ತಿರುಗುವ ಬೈಕು ಸವಾರರು. ಎಲ್ಲರೂ ನೋಡಿದ್ದರು, ಒಬ್ಬರಿಗೆ ಮಾತ್ರ ಅದರಲ್ಲಿ ಕಥೆ ಕಂಡಿತು. ಸುನೀಲ್ ಕುಮಾರ್ ದೇಸಾಯಿ ಒಂದೂ ಹಾಡಿಲ್ಲದ 'ತರ್ಕ'ವನ್ನು (1989) ಮಾಡಿ ಗೆದ್ದು, ಬಹುಪಾಲು ಒಂದೇ ಕಟ್ಟಡದೊಳಗೆ ನಡೆಯುವ 'ನಿಷ್ಕರ್ಷ'ವನ್ನು (1993) ತೆರೆಗೆ ತಂದರು. ಜಾಗ ಚಿಕ್ಕದಾದಷ್ಟೂ ಬಿಗಿ ಹೆಚ್ಚು ಎಂಬುದನ್ನು ಕನ್ನಡದ ಮಕ್ಕಳು ಈ ಎರಡು ಚಿತ್ರ ನೋಡಿಯೇ ಕಲಿಯಬಹುದು.

ಕಾಗದದ ಮೇಲಿನ ಶೂಟಿಂಗು

ಎರಡು ನಿಮಿಷವೆಂದರೆ 120 ಸೆಕೆಂಡು. ಒಂದೊಂದು ಶಾಟ್ ಸರಾಸರಿ ಐದು ಸೆಕೆಂಡಿನದಾದರೆ 24 ಶಾಟು. ದೀಪ ಸರಿಸಿ, ಜಾಗ ಬದಲಿಸಿ, ಮೂರು ಮೂರು ಸಲ ತೆಗೆದು ಒಂದೊಂದಕ್ಕೆ ಕಾಲು ಗಂಟೆ ಹಿಡಿಯಿರಿ, ಆರು ಗಂಟೆಯಾಯಿತು. ಊಟ, ನಗೆ, ಕೈಕೊಟ್ಟ ಚಾರ್ಜರು ಸೇರಿಸಿದರೆ ಪೂರಾ ಒಂದು ದಿನ. ಈ ಲೆಕ್ಕವನ್ನು ಮನೆಯವರೆದುರು ಇಟ್ಟ ಹುಡುಗನಿಗೆ ಅನುಮತಿ ಬೇಗ ಸಿಗುತ್ತದೆ. ದಸರೆ ರಜೆಯಲ್ಲಿ ಒಂದು ದಿನ ಶೂಟಿಂಗು, ಎರಡು ದಿನ ಸಂಕಲನ ಎನ್ನುವ ಮಾತಿಗೂ 'ಸಿನಿಮಾ ಮಾಡ್ತೇವಿ' ಎಂಬ ಮಾತಿಗೂ ಅಜಗಜಾಂತರ.

ಹಾಗಾದರೆ ಮೊದಲ ವಾರ ಕ್ಯಾಮೆರಾ ಮುಟ್ಟುವುದೇ ಬೇಡ. ನೋಟುಪುಸ್ತಕದಲ್ಲಿ 24 ಚೌಕ ಹಾಕಿ ಒಂದೊಂದರಲ್ಲೂ ಒಂದು ಶಾಟಿನ ಚಿತ್ರ ಬರೆಯಿರಿ. ಚಿತ್ರಕಲೆ ಬಾರದಿದ್ದರೂ ನಡೆದೀತು, ಕಡ್ಡಿಮನುಷ್ಯರು ಸಾಕು. ಕೆಳಗೆ ಎರಡು ಸಾಲು: ಇಲ್ಲಿ ಏನು ಕಾಣುತ್ತದೆ, ಏನು ಕೇಳುತ್ತದೆ. ಒದ್ದೆ ಚಪ್ಪಲಿ ಎಷ್ಟನೆಯ ಚೌಕದಲ್ಲಿ ಬರಬೇಕು ಎಂಬುದರ ಮೇಲೆಯೇ ನಾಲ್ವರು ಒಂದು ಸಂಜೆ ಜಗಳವಾಡಬಹುದು. ಆಡಬೇಕು. ಫೋನಿಗೆ ಮುಂಚೆ ಚಪ್ಪಲಿ ತೋರಿಸಿದರೆ ಮಗ ಸುಳ್ಳು ಹೇಳುವುದನ್ನು ಪ್ರೇಕ್ಷಕ ಕೇಳಿಸಿಕೊಳ್ಳುತ್ತಾನೆ. ಆಮೇಲೆ ತೋರಿಸಿದರೆ ಬೆಚ್ಚುತ್ತಾನೆ. ಹಿಚ್‌ಕಾಕನ ಬಾಂಬು ಇಲ್ಲಿ ಚಪ್ಪಲಿಯಾಗಿದೆ, ಅಷ್ಟೇ.

ಫೋನಿನಲ್ಲಿ ತೆಗೆಯುವವರಿಗೆ ಒಂದೆರಡು ಕಿವಿಮಾತು. ಅಡ್ಡ ಹಿಡಿಯಿರಿ. ಕರೆಗಳು ಬಾರದಂತೆ ಫ್ಲೈಟ್ ಮೋಡಿಗೆ ಹಾಕಿ. ಬೆಳಕು, ಫೋಕಸ್ಸು ತಾನಾಗಿ ಬದಲಾಗದಂತೆ ಲಾಕ್ ಮಾಡಿ. ನಮ್ಮ ವಿದ್ಯುತ್ತು ಸೆಕೆಂಡಿಗೆ 50 ಆವರ್ತದ್ದು. ಫೋನು ಸೆಕೆಂಡಿಗೆ 30 ಫ್ರೇಮಿನಂತೆ ತೆಗೆದರೆ ಹಳೆಯ ಟ್ಯೂಬ್‌ಲೈಟಿನ ಕೆಳಗೆ ಚಿತ್ರ ಮಿಣಮಿಣ ಎನ್ನಬಹುದು. 25 ಫ್ರೇಮಿಗೆ ಇಡುವ ಸೌಲಭ್ಯವಿದ್ದರೆ ಹಾಗೆ ಇಡಿ. ರಾತ್ರಿ ಬೇಕೆಂದು ನಡುರಾತ್ರಿಯವರೆಗೆ ಕಾಯಬೇಡಿ. ಸೂರ್ಯ ಮುಳುಗಿದ ಮೇಲಿನ ಇಪ್ಪತ್ತು ನಿಮಿಷದಲ್ಲಿ ಆಕಾಶ ನೀಲಿಯಾಗಿದ್ದು, ಮನೆಯ ದೀಪ ಹಳದಿಯಾಗಿ ಕಾಣುತ್ತದೆ; ಪರದೆಯ ಮೇಲೆ ಅದು ರಾತ್ರಿಯೇ. ಹೆಣ್ಣುಮಕ್ಕಳು ಎಂಟು ಗಂಟೆಗೆ ಮನೆ ಸೇರಬಹುದು.

ಎಲ್ಲಿ ಬೇಡ

ಹುಬ್ಬಳ್ಳಿಯ ರೈಲು ನಿಲ್ದಾಣದಲ್ಲಿ 1507 ಮೀಟರ್ ಉದ್ದದ ಪ್ಲಾಟ್‌ಫಾರ್ಮು ಇದೆ. 2023ರ ಮಾರ್ಚಿನಲ್ಲಿ ಉದ್ಘಾಟನೆಯಾದಾಗ ಜಗತ್ತಿನಲ್ಲೇ ಉದ್ದನೆಯದೆಂದು ಹೆಸರಾಯಿತು. ಅಲ್ಲಿ ಓಡುವ ದೃಶ್ಯ ತೆಗೆಯಬೇಕೆಂದು ಯಾವ ಹುಡುಗನಿಗೆ ಅನ್ನಿಸದು? ಆದರೆ ರೈಲ್ವೆಯ ಪೂರ್ವಾನುಮತಿ ಇಲ್ಲದೆ ಅಲ್ಲಿ ಚಿತ್ರೀಕರಣ ಸಲ್ಲದು. ಹಳಿಯ ಮೇಲಂತೂ ಕಾಲಿಡಲೇಬಾರದು. ಅತಿಕ್ರಮ ಪ್ರವೇಶಕ್ಕೆ 1989ರ ರೈಲ್ವೆ ಕಾಯ್ದೆಯ 147ನೆಯ ಕಲಮಿನಡಿ ಆರು ತಿಂಗಳವರೆಗೆ ಸೆರೆ ಅಥವಾ ಸಾವಿರ ರೂಪಾಯಿವರೆಗೆ ದಂಡ, ಇಲ್ಲವೆ ಎರಡೂ. ರೈಲು ಕಾಯ್ದೆ ಓದಿಕೊಂಡು ಬರುವುದಿಲ್ಲ ಎಂಬುದು ಅದಕ್ಕಿಂತ ದೊಡ್ಡ ಸಂಗತಿ. ಚಿಗರಿ ಬಸ್ಸಿನ ಸೀಟಿನ ಮೇಲೆ ವಾರಸುದಾರರಿಲ್ಲದ ಚೀಲ ಇಟ್ಟು ಜನರ ಮುಖ ಗುಟ್ಟಾಗಿ ತೆಗೆಯುವ ಉಪಾಯವೂ ಬೇಡ. ನಿಮಗದು ಕಥೆ, ಪಕ್ಕದಲ್ಲಿ ಕುಳಿತವರಿಗೆ ಅಲ್ಲ.

ಇನ್ನೊಂದು ಮಾತನ್ನು ಸಂಕೋಚವಿಲ್ಲದೆ ಹೇಳಬೇಕು. ವಿದ್ಯಾರ್ಥಿಗಳ ಥ್ರಿಲ್ಲರುಗಳಲ್ಲಿ ಪದೇ ಪದೇ ಬರುವ ಆರಂಭವೆಂದರೆ ಒಬ್ಬಳೇ ಓಡುವ ಹುಡುಗಿ, ಹಿಂದೆ ಚಾಕು ಹಿಡಿದವನು. 2024ರ ಏಪ್ರಿಲ್‌ನಲ್ಲಿ ಹುಬ್ಬಳ್ಳಿಯ ಕಾಲೇಜು ಆವರಣವೊಂದರಲ್ಲಿ ವಿದ್ಯಾರ್ಥಿನಿಯೊಬ್ಬಳ ಕೊಲೆಯಾಯಿತು. ಆ ಸುದ್ದಿ ಓದಿ ಮಗಳ ಕೈ ಗಟ್ಟಿಯಾಗಿ ಹಿಡಿದುಕೊಂಡ ತಾಯಂದಿರು ಇದೇ ಊರಿನಲ್ಲಿದ್ದಾರೆ. ಅದೇ ಊರಿನ ಕಾಲೇಜಿನ ಅಂಗಳದಲ್ಲಿ ಆಟಿಕೆ ಚಾಕು ಹಿಡಿದು ಓಡುವುದು ಕಲೆಯೂ ಆಗದು, ಧೈರ್ಯವೂ ಆಗದು. ಹುಡುಗಿಗೆ ಬೇರೆ ಪಾತ್ರ ಕೊಡಿ. ಹುಡುಕುವವಳ ಪಾತ್ರ, ಸುಳ್ಳು ಹೇಳುವವಳ ಪಾತ್ರ. ಕ್ಯಾಮೆರಾವನ್ನೂ ಕೊಡಿ.

ಮನೆಯವರ ಪಾಲು ಇಲ್ಲಿ ಚಿಕ್ಕದಲ್ಲ. ಹಳೆಯ ಅಟ್ಟ, ಹಿತ್ತಲ ಬಾವಿ, ಗಡಿಯಾರದ ಸದ್ದು ಕೇಳುವ ನಡುಮನೆ ಇರುವ ಅಜ್ಜನ ಮನೆಯನ್ನು ಒಂದು ದಿನ ಬಿಟ್ಟುಕೊಡಬಹುದು. ತಾಯಿಯ ಪಾತ್ರಕ್ಕೆ ಹದಿನೇಳರ ಹುಡುಗಿಗೆ ಸೀರೆ ಉಡಿಸಿ ತಲೆಗೆ ಪೌಡರ್ ಬಳಿಯುವುದಕ್ಕಿಂತ ಯಾರಾದರೊಬ್ಬರ ನಿಜವಾದ ಅವ್ವನನ್ನೋ ಅತ್ತೆಯನ್ನೋ ಕೇಳಿ. ಮೊದಲು ಒಲ್ಲೆನೆನ್ನುತ್ತಾರೆ, ಆಮೇಲೆ ಮೂರನೆಯ ಟೇಕಿಗೆ 'ಇನ್ನೊಮ್ಮೆ ಮಾಡ್ಲೇನ?' ಎಂದು ಅವರೇ ಕೇಳುತ್ತಾರೆ.

ಮಾತಿನ ವಿಷಯದಲ್ಲಿ ನಮ್ಮ ಹುಡುಗರದೊಂದು ವಿಚಿತ್ರ ಚಾಳಿಯಿದೆ. ಮನೆಯಲ್ಲಿ 'ಯಾಕಲೇ, ಎಲ್ಲಿ ಹೊಂಟಿ?' ಎನ್ನುವವರು ಕ್ಯಾಮೆರಾ ಎದುರು 'ಯಾಕೋ, ಎಲ್ಲಿಗೆ ಹೋಗ್ತಿದೀಯಾ?' ಎಂದು ಬೆಂಗಳೂರಿನವರಾಗುತ್ತಾರೆ. ಧಾರವಾಡದ ಮಾತನ್ನು ಸಿನಿಮಾದವರು ಬಹುಕಾಲ ನಗಿಸಲಿಕ್ಕೆಂದೇ ಇಟ್ಟುಕೊಂಡಿದ್ದರ ಫಲವಿದು. ಸದ್ದಿಲ್ಲದ ಮನೆಯಲ್ಲಿ 'ಯಾರದು ಒಳಗ?' ಎಂದು ಒಬ್ಬ ತಾಯಿ ಮೆಲ್ಲಗೆ ಕೇಳಿದರೆ ಯಾರೂ ನಗುವುದಿಲ್ಲ. ಮಾಡಿ ನೋಡಿ.

ಹಿನ್ನೆಲೆ ಸಂಗೀತಕ್ಕೆ ಸಿನಿಮಾದ ಟ್ಯೂನು ಎತ್ತಿ ಅಂಟಿಸಬೇಡಿ. ಯೂಟ್ಯೂಬಿಗೆ ಹಾಕಿದರೆ ಹಕ್ಕುದಾರರ ತಕರಾರು ಬರುತ್ತದೆ. ಮಲ್ಲಿಕಾರ್ಜುನ ಮನ್ಸೂರರು ಬಾಳಿದ ಊರಿನಲ್ಲಿ ಸಂಗೀತಕ್ಕೆ ಬರವೇ? ತರಗತಿಯಲ್ಲಿ ತಬಲವನ್ನೋ ಸಿತಾರವನ್ನೋ ಕಲಿಯುವ ಒಬ್ಬರಾದರೂ ಇರುತ್ತಾರೆ. ತಂಬೂರಿಯ ಒಂದೇ ತಂತಿಯನ್ನು ಮೀಟಿ, ಅದರ ವೇಗ ಅರ್ಧಕ್ಕೆ ಇಳಿಸಿ ಕೇಳಿ. ಹಂಚಿನಿಂದ ಬಕೇಟಿಗೆ ಬೀಳುವ ಮಳೆಹನಿ, ದೂರದ ರೈಲಿನ ಸಿಳ್ಳು, ಇವನ್ನೂ ಬೇರೆಯಾಗಿ ಮುದ್ರಿಸಿಕೊಳ್ಳಿ. ಯಾರೂ ಮಾತಾಡದೆ ಒಂದು ನಿಮಿಷ ನಿಂತು ಕೋಣೆಯ ಮೌನವನ್ನೂ ಮುದ್ರಿಸಿ. ಸಂಕಲನದಲ್ಲಿ ಎರಡು ಶಾಟುಗಳ ನಡುವೆ ಸದ್ದು ಕತ್ತರಿಸಿದಂತಾದಾಗ ಆ ಮೌನವೇ ಹೊಲಿಗೆಯಾಗುತ್ತದೆ.

ಇದೆಲ್ಲ ಮುಂದೆ ಎಲ್ಲಿಗಾದರೂ ಒಯ್ಯುತ್ತದೆಯೇ ಎಂದು ತಂದೆಯಂದಿರು ಕೇಳಬಹುದು. ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಓದಿದ ಗಿರೀಶ ಕಾರ್ನಾಡರು 1974-75ರಲ್ಲಿ ಪುಣೆಯ ಚಲನಚಿತ್ರ ಸಂಸ್ಥೆಯ ನಿರ್ದೇಶಕರಾಗಿದ್ದರು; ಅದೇ ಹೊತ್ತಿಗೆ ಅಲ್ಲಿ ವಿದ್ಯಾರ್ಥಿಯಾಗಿದ್ದ ಗಿರೀಶ ಕಾಸರವಳ್ಳಿಯವರು ಪದವಿಗಾಗಿ ಮಾಡಿದ ಕಿರುಚಿತ್ರ 'ಅವಶೇಷ' ರಾಷ್ಟ್ರಪ್ರಶಸ್ತಿ ಪಡೆಯಿತು. ಎಲ್ಲರಿಗೂ ಹಾಗಾಗುವುದಿಲ್ಲ, ಆಗಬೇಕಾಗಿಯೂ ಇಲ್ಲ. 24 ಚೌಕಗಳನ್ನು ಹಾಕಿ, ನಾಲ್ಕು ಜನರನ್ನು ಸಮಯಕ್ಕೆ ಸೇರಿಸಿ, ಹೇಳಿದ ದಿನಕ್ಕೆ ಒಂದು ಕೆಲಸ ಮುಗಿಸಿದ ಹುಡುಗಿ ಆಮೇಲೆ ಬ್ಯಾಂಕಿಗೆ ಸೇರಿದರೂ ನಷ್ಟವೇನಿಲ್ಲ.

ಸಂಕಲನ ಮುಗಿದ ಮೇಲೆ ಗೆಳೆಯರಿಗೆ ತೋರಿಸಬೇಡಿ. ಅವರು 'ಸೂಪರ್' ಎನ್ನುತ್ತಾರೆ. ಕಥೆ ಗೊತ್ತಿಲ್ಲದವರೊಬ್ಬರನ್ನು, ಅಜ್ಜಿಯಾದರೆ ಇನ್ನೂ ಒಳ್ಳೆಯದು, ಎದುರು ಕೂರಿಸಿ. ಪರದೆ ನೋಡಬೇಡಿ, ಅವರ ಮುಖ ನೋಡಿ. ಎಲ್ಲಿ ಅವರ ಕಣ್ಣು ಕಿಟಕಿಯ ಕಡೆ ಹೋಯಿತೋ ಆ ಸೆಕೆಂಡನ್ನು ಚೀಟಿಯಲ್ಲಿ ಬರೆದುಕೊಳ್ಳಿ. ಅಲ್ಲಿ ಕತ್ತರಿ ಆಡಲಿ. ಕೊನೆಗೆ 'ಹೆಂಗಿತ್ತು?' ಎಂದು ಕೇಳುವ ಗೋಜಿಗೆ ಹೋಗದೆ ಸುಮ್ಮನಿರಿ. 'ಅಲ್ಲೋ, ಚಪ್ಲಿ ಬಂದಾವ, ಹುಡುಗ ಎಲ್ಲಿ?' ಎಂದು ಅವರಾಗಿ ಕೇಳಿದರೆ ಶೀರ್ಷಿಕೆಯ ಅಕ್ಷರ ಜೋಡಿಸಲು ಕೂರಬಹುದು. ಕೇಳದಿದ್ದರೆ ಚಪ್ಪಲಿಯ ಶಾಟು ಇನ್ನೆರಡು ಸೆಕೆಂಡು ಉದ್ದವಾಗಲಿ.