ಶ್ರಮಿಕರ ಬಾಯಿ ಮತ್ತು ಕೈಗಾರಿಕಾ ವಿಷಗಳು

ಕೈಗಾರಿಕೆಗಳ ಇತಿಹಾಸವನ್ನು ಬರೆಯುವವರು ಉತ್ಪನ್ನದ ಲೆಕ್ಕವನ್ನು ತಪ್ಪದೆ ಕೊಡುವರು. ಶ್ರಮಿಕನ ಬಾಯನ್ನು ನೋಡುವವರು ವಿರಳ. ಆದರೆ ಅನೇಕ ವಿಷಗಳು ತಮ್ಮ ಗುರುತನ್ನು ಅಲ್ಲಿಯೇ ಬಿಡುತ್ತವೆ.

2001ರಲ್ಲಿ ಮುಚ್ಚಿದ ಕೋಲಾರದ ಚಿನ್ನದ ಗಣಿಗಳಲ್ಲಿ ಹಿಂದೆ, ಪುಡಿಮಾಡಿದ ಅದಿರನ್ನು ಪಾದರಸ ಲೇಪಿಸಿದ ತಾಮ್ರದ ತಗಡುಗಳ ಮೇಲೆ ಹರಿಸಿ ಚಿನ್ನವನ್ನು ಹಿಡಿಯುತ್ತಿದ್ದರು. ಬಳಿಕ ಕಾಯಿಸಿ ಪಾದರಸವನ್ನು ಬೇರ್ಪಡಿಸುತ್ತಿದ್ದರು. ಪಾದರಸದ ಆವಿಯನ್ನು ಬಹುಕಾಲ ಉಸಿರಾಡಿದವನಿಗೆ ಜೊಲ್ಲು ಹೆಚ್ಚುತ್ತದೆ, ಒಸಡು ಬಾತು ರಕ್ತ ಒಸರುತ್ತದೆ, ಹಲ್ಲು ಸಡಿಲವಾಗುತ್ತದೆ. ಸೀಸವು ಒಸಡಿನ ಅಂಚಿನಲ್ಲಿ ನೀಲಿ ಗೆರೆಯನ್ನು ಮೂಡಿಸುತ್ತದೆ. 1840ರಲ್ಲಿ ಲಂಡನ್ನಿನ ವೈದ್ಯ ಹೆನ್ರಿ ಬರ್ಟನ್ ಇದನ್ನು ವರ್ಣಿಸಿದನು. ಆಮ್ಲದ ಹಬೆಯು ಮುಂಬಲ್ಲುಗಳನ್ನು ಸವೆಸುತ್ತದೆ. ಬೆಂಕಿಕಡ್ಡಿಗೆ ಬಳಸುತ್ತಿದ್ದ ಬಿಳಿ ರಂಜಕವು ದವಡೆಯ ಎಲುಬನ್ನೇ ಕೊಳೆಯಿಸುತ್ತಿತ್ತು. ಭಾರತದಲ್ಲಿ 1913ರ ಕಾಯಿದೆಯು ಅಂಥ ಕಡ್ಡಿಗಳನ್ನು ನಿಷೇಧಿಸಿತು. 1948ರ ಕಾರ್ಖಾನೆ ಕಾಯಿದೆಯು ಸೀಸ, ರಂಜಕ, ಪಾದರಸಗಳ ವಿಷಬಾಧೆಯನ್ನು ಅಧಿಕಾರಿಗಳಿಗೆ ತಿಳಿಸಲೇಬೇಕಾದ ರೋಗಗಳಲ್ಲಿ ಸೇರಿಸಿತು.

ಕಾಯಿದೆಯಿದ್ದರೂ ರೋಗವನ್ನು ಗುರುತಿಸದಿದ್ದರೆ ಫಲವಿಲ್ಲ. ಮಾಸ್ತಿಕಟ್ಟೆಯ ಸುತ್ತಣ ಅಡಕೆಯ ಸೀಮೆಯಿಂದ ಕಾರ್ಖಾನೆಗೆ ಹೋದವನ ಒಸಡು ಕೆಟ್ಟರೆ, ಎಲೆಯಡಕೆ ಹೊಗೆಸೊಪ್ಪುಗಳ ಮೇಲೆ ದೋಷ ಹೊರಿಸುವುದು ಸುಲಭ. ಅವು ಬಾಯಿಗೆ ಕೇಡೆಂಬುದು ನಿಜವೇ. ಆದರೆ ಅಷ್ಟಕ್ಕೇ ವಿಚಾರಣೆ ನಿಂತರೆ ಕೆಲಸದ ಸ್ಥಳದ ವಿಷವು ಮರೆಯಾಗಿ, ಪರಿಹಾರದ ಹಕ್ಕೂ ಕೈತಪ್ಪೀತು. ರೋಗಿಯನ್ನು ಅವನ ಕಸುಬೇನೆಂದು ಕೇಳಬೇಕೆಂದು ಇಟಲಿಯ ವೈದ್ಯ ರಾಮಜ್ಜೀನಿ 1700ರಲ್ಲಿಯೇ ಬೋಧಿಸಿದನು. ಆ ಪ್ರಶ್ನೆಯನ್ನು ದಂತವೈದ್ಯನೂ ಕೇಳಬೇಕು. ಇತಿಹಾಸದ ವಿದ್ಯಾರ್ಥಿಯೂ ಗಣಿ ಕಾರ್ಖಾನೆಗಳ ಕಡತಗಳನ್ನು ಓದುವಾಗ ಅದನ್ನು ಮರೆಯಬಾರದು.